ಬೇರಿಗೆ ಯಾರು ಹೊಣೆ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ಓದಲು ಕೂತರೆ ಮೊದಲು ಹುಟ್ಟುವುದು ಗೌರವ. ಸೈಟು ನಿಮ್ಮದೇ, ಮರ ನೆಟ್ಟವರೂ ನೀವೇ ಇರಬಹುದು; ಆದರೂ ಕಡಿಯಬೇಕಾದರೆ ವೃಕ್ಷ ಅಧಿಕಾರಿಯ ಅನುಮತಿ ಬೇಕು ಎನ್ನುತ್ತದೆ ಅದು. ಖಾತೆ ನನ್ನ ಹೆಸರಿನಲ್ಲಿದೆ, ಹಾಗಾಗಿ ಮರ ನನ್ನಿಷ್ಟ ಎನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಕಡಿಯುವುದು ಎಂದರೆ ಕೊಡಲಿ ಹಾಕುವುದಷ್ಟೇ ಅಲ್ಲ, ಸುಡುವುದೂ ಯಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಅದರೊಳಗೆ ಬರುತ್ತದೆ. ಕಡಿದವರು ಬದಲಿಗೆ ಮತ್ತೊಂದು ಸಸಿ ನೆಡಬೇಕು. ನೀಲಗಿರಿ, ಸರ್ವೆ, ತೆಂಗು, ಸಿಲ್ವರ್ ಓಕ್‌ನಂಥ ಮರಗಳಿಗೆ ವಿನಾಯಿತಿ ಉಂಟು. ಅವು ರೈತನಿಗೆ ಬೆಳೆಯಿದ್ದಂತೆ, ಆದ್ದರಿಂದ ಅದೂ ಸರಿಯೇ. ಅರ್ಧ ಶತಮಾನದ ಹಿಂದೆ ಇಷ್ಟನ್ನು ಯೋಚಿಸಿ ಬರೆದವರ ಬಗ್ಗೆ ನನಗೆ ನಿಜವಾದ ಕೃತಜ್ಞತೆಯಿದೆ.

ಆದರೆ ಬೆಂಗಳೂರಿನಲ್ಲಿ ಕಟ್ಟಡ ಏಳುತ್ತಿರುವ ಜಾಗಗಳಿಗೆ ಹೋಗಿ ಮರಗಳು ಹೇಗೆ ಸಾಯುತ್ತಿವೆ ಎಂದು ನೋಡಿದರೆ, ಈ ಕಾಯ್ದೆಯನ್ನು ನಾವು ನೆಲದ ಮೇಲಿನ ಅರ್ಧ ಮರಕ್ಕೆ ಮಾತ್ರ ಜಾರಿ ಮಾಡುತ್ತಿದ್ದೇವೆ ಎಂಬುದು ಗೊತ್ತಾಗುತ್ತದೆ.

ಪಾಯ ತೋಡುವ ದಿನ ನಿಂತು ನೋಡಬೇಕು. ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಕಟ್ಟಲು ಹೊರಟ ಸೈಟು, ಮೂಲೆಯಲ್ಲೊಂದು ಹೊಂಗೆ ಮರ. ಜೆಸಿಬಿಯ ಬಕೆಟ್ಟು ಬುಡದಿಂದ ಎರಡಡಿ ಆಚೆ ನೆಲಕ್ಕಿಳಿಯುತ್ತದೆ. ತೋಳಿನ ದಪ್ಪದ ಬೇರುಗಳು ಕತ್ತರಿಸಿಯೂ ಹೋಗುವುದಿಲ್ಲ, ಸೀಳಿಹೋಗುತ್ತವೆ. ಸಿಪ್ಪೆ ಕಿತ್ತುಬಂದ ಅವುಗಳ ತುದಿಗಳು ಗುಂಡಿಯ ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತವೆ. ಇನ್ನೊಂದು ಮಗ್ಗುಲಿಗೆ ಜಲ್ಲಿ, ಎಂ-ಸ್ಯಾಂಡ್ ರಾಶಿ ಕಾಂಡಕ್ಕೆ ಒರಗಿಕೊಂಡೇ ಬಿದ್ದಿದೆ. ಸಂಜೆ ಮಿಕ್ಸರ್ ತೊಳೆದ ಸಿಮೆಂಟು ನೀರೂ ಅದೇ ಬುಡಕ್ಕೆ. ಕಾಂಡದ ಮೇಲೆ ಒಂದು ಗೀರೂ ಇಲ್ಲ, ಎಲೆ ಹಸಿರಾಗಿಯೇ ಇದೆ. ಕೇಳಿದರೆ ಮೇಸ್ತ್ರಿ, ‘ಮರ ಮುಟ್ಟಿಲ್ಲ ಸಾರ್’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಬೇರನ್ನೂ ಮುಟ್ಟಬಾರದು ಎಂದು ಮಾಲೀಕರಾಗಲಿ, ಎಂಜಿನಿಯರಾಗಲಿ, ನಕ್ಷೆ ಮಂಜೂರು ಮಾಡಿದವರಾಗಲಿ ಅವನಿಗೆ ಹೇಳಿರುವುದಿಲ್ಲ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ತುದಿಯ ರೆಂಬೆಗಳು ಒಣಗತೊಡಗುತ್ತವೆ. ಆಗ ಪಾಲಿಕೆಗೆ ಅರ್ಜಿ ಹೋಗುತ್ತದೆ: ಮರ ಒಣಗಿದೆ, ಬೀಳುವ ಹಾಗಿದೆ, ತೆಗೆಸಿಕೊಡಿ.

ಕಾಯ್ದೆಯ ಜಾರಿ ಸೋಲುವುದು ಇಲ್ಲಿ. 8ನೇ ಸೆಕ್ಷನ್ನಿನ ಪ್ರಕಾರ ಸತ್ತ, ರೋಗ ಹಿಡಿದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರವನ್ನು ತೆಗೆಯಲು ಅನುಮತಿ ನಿರಾಕರಿಸುವಂತಿಲ್ಲ. ಅದು ನ್ಯಾಯವೇ. ಆದರೆ ಮರ ಯಾಕೆ ಸತ್ತಿತು, ಅದನ್ನು ಆ ಸ್ಥಿತಿಗೆ ತಂದವರು ಯಾರು ಎಂದು ಕೇಳುವ ರೂಢಿಯೇ ನಮ್ಮಲ್ಲಿಲ್ಲ. ಹೀಗಾಗಿ ಬದುಕಿರುವ ಮರಕ್ಕೆ ಅನುಮತಿ ಕೇಳುವವನು ಅಲೆಯುತ್ತಾನೆ, ಬೇರು ಕಡಿದು ಕಾದವನಿಗೆ ಕೆಲಸ ಸಲೀಸಾಗಿ ಆಗುತ್ತದೆ. ಇದನ್ನು ತಡೆಯಲು ಹೊಸ ಕಾನೂನೇನೂ ಬೇಕಿಲ್ಲ. ‘ಹಾನಿ’ ಎಂಬ ಮಾತು ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ. ಒಣಗಿದ ಮರ ನೋಡಲು ಬಂದ ಅಧಿಕಾರಿ ಬುಡದ ಮಣ್ಣನ್ನು ಒಂದಡಿ ಕೆದಕಿಸಿ ನೋಡಿದರೂ ಅರ್ಧ ಕಥೆ ಹೊರಬರುತ್ತದೆ.

ನೀರು, ಸಾರ ಹೀರುವ ಬೇರುಗಳಲ್ಲಿ ಬಹುಪಾಲು ಇರುವುದು ಮೇಲಿನ ಎರಡು ಮೂರಡಿ ಮಣ್ಣಿನಲ್ಲಿ. ಅವು ಮರದ ನೆರಳಿನ ಅಂಚನ್ನೂ ದಾಟಿ ಹರಡಿಕೊಂಡಿರುತ್ತವೆ. ಬ್ರಿಟನ್ನಿನಲ್ಲಿ ಕಟ್ಟಡದ ಜಾಗದ ಮರಗಳಿಗೆಂದೇ ಬಿಎಸ್ 5837 ಎಂಬ ಮಾನದಂಡ ಇದೆ. ಅದರ 2012ರ ಆವೃತ್ತಿಯ ಪ್ರಕಾರ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ ಅಳೆದು, ಅದರ 12 ಪಟ್ಟು ದೂರದವರೆಗೆ ಸುತ್ತಲೂ ಬೇರಿಗೆ ರಕ್ಷಣೆ ಕೊಡಬೇಕು. 60 ಸೆಂಟಿಮೀಟರ್ ದಪ್ಪದ ಮರಕ್ಕೆ ಇದು 7.2 ಮೀಟರ್, ಅಂದರೆ ಸುಮಾರು 24 ಅಡಿ. ನಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಅಷ್ಟು ಬಿಟ್ಟರೆ ಮನೆ ಕಟ್ಟಲು ಜಾಗವೇ ಉಳಿಯದು. ಆ ಅಳತೆಯನ್ನು ಇಲ್ಲಿ ಹಾಗೇ ಹೇರುವುದು ಅವಿವೇಕ. ಅದರಲ್ಲಿ ನಾವು ತೆಗೆದುಕೊಳ್ಳಬಹುದಾದದ್ದು ಕೆಲಸದ ಕ್ರಮ. ಮೊದಲು ಮರ ಗುರುತಿಸಿ ನಕ್ಷೆಯಲ್ಲಿ ತೋರಿಸುವುದು, ಕೆಲಸ ಶುರುವಾಗುವ ಮುನ್ನ ಬೇಲಿ ಹಾಕುವುದು, ಬುಡದ ಹತ್ತಿರ ಜೆಸಿಬಿ ಬಿಟ್ಟು ಹಾರೆ-ಗುದ್ದಲಿಯಲ್ಲಿ ಅಗೆಯುವುದು. ಕಾಂಪೌಂಡ್ ಗೋಡೆಗೆ ದೊಡ್ಡ ಬೇರು ಅಡ್ಡ ಬಂದರೆ ಅದರ ಮೇಲೆ ಲಿಂಟಲ್ ಹಾಕಿ ದಾಟಿಸಬಹುದು. ಲಿಂಟಲ್ ಹಾಕಲು ಬಾರದ ಮೇಸ್ತ್ರಿ ಈ ಊರಿನಲ್ಲಿ ಯಾರಿದ್ದಾರೆ?

ಫುಟ್‌ಪಾತಿನ ಮರದ ಹೊಣೆ ಪಾಲಿಕೆಯದು. ಅಲ್ಲಿ ಮಾಲೀಕನೂ ಅದೇ, ಕಾಯುವವನೂ ಅದೇ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ಇರಕೂಡದು ಎಂದು ಹೇಳಿತು. ನಮ್ಮ ಬೀದಿಗಳಲ್ಲಿ ಕಲ್ಲುಚಪ್ಪಡಿ ಕಾಂಡವನ್ನೇ ಕಚ್ಚಿಕೊಂಡಿರುತ್ತದೆ. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಕೇಬಲ್ಲು, ವರ್ಷಕ್ಕೊಮ್ಮೆ ಯಾರೋ ಒಬ್ಬರು ಅಗೆಯುತ್ತಾರೆ. ವಿದ್ಯುತ್ ತಂತಿಗೆ ತಾಗುತ್ತದೆಂದು ರೆಂಬೆಗಳನ್ನು ಒಂದೇ ಮಗ್ಗುಲಿನಿಂದ ಸವರಿ, ಭಾರವೆಲ್ಲ ರಸ್ತೆಯ ಕಡೆ ವಾಲುವಂತೆ ಮಾಡುತ್ತಾರೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದಾಗ ನೂರಾರು ಮರಗಳು ಉರುಳಿದವು. ಎಲ್ಲಕ್ಕೂ ಬೇರಿನ ಗಾಯವೇ ಕಾರಣ ಎಂದು ಹೇಳಲಾಗದು. ಗುಲ್‌ಮೊಹರ್‌ನಂಥ ಮೆದು ಮರಗಳು ಜೋರು ಗಾಳಿಗೆ ಹೇಗೂ ಮುರಿಯುತ್ತವೆ. ಆದರೂ ಪ್ರತಿ ಮಳೆಗಾಲದ ನಂತರ ಜನ ಮರವನ್ನು ದೂರುತ್ತಾರೆಯೇ ಹೊರತು ಅದರ ಬುಡ ಅಗೆದವರನ್ನು ದೂರುವುದಿಲ್ಲ. ಇದು ನನಗೆ ತೀರಾ ನೋವು ಕೊಡುವ ಸಂಗತಿ.

ದೊಡ್ಡ ಯೋಜನೆಗಳ ವಿಷಯದಲ್ಲಿ ಸ್ಥಿತಿ ಸ್ವಲ್ಪ ವಾಸಿ, ಅದೂ ನಾಗರಿಕರು ಬೀದಿಗಿಳಿದಿದ್ದರಿಂದ, ಕೋರ್ಟು ಹತ್ತಿದ್ದರಿಂದ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳು ಹೋಗಬೇಕಿತ್ತು. 2016ರ ಅಕ್ಟೋಬರಿನಲ್ಲಿ ಜನ ಕೈಕೈ ಹಿಡಿದು ನಿಂತರು, ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕೆಂಬ ತಿದ್ದುಪಡಿಯೂ ಕಾಯ್ದೆಯಲ್ಲಿದೆ. 2019ರಲ್ಲಿ ಹೈಕೋರ್ಟ್ ಆದೇಶದ ಮೇಲೆ ತಜ್ಞರ ಸಮಿತಿಯೂ ಆಯಿತು. ಇವೆಲ್ಲ ಬೆಲೆಬಾಳುವ ಗೆಲುವುಗಳು. ಆದರೆ ಇವುಗಳ ಗಮನವೆಲ್ಲ ಕಡಿಯುವ ಗಳಿಗೆಯ ಮೇಲೆ. ಉಳಿಸಿಕೊಳ್ಳಿ ಎಂದ ಮರದ ಪಕ್ಕ ಕಾಮಗಾರಿ ನಡೆಯುವಾಗ ಕಾಯುವವರಿಲ್ಲ. ಸ್ಥಳಾಂತರ ಮಾಡಿದ ಮರಕ್ಕೆ ಎರಡು ಮೂರು ವರ್ಷ ನೀರು ಹಾಕಿ ಚಿಗುರು ನೋಡಬೇಕು. ಅಷ್ಟರೊಳಗೆ ಗುತ್ತಿಗೆದಾರ ಬಿಲ್ಲು ಪಡೆದು ಹೋಗಿರುತ್ತಾನೆ.

ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಕೊಡುವ ಮುನ್ನ ನಕ್ಷೆಯಲ್ಲಿ ತೋರಿಸಿದ ಮರ ಜೀವಂತವಿದೆಯೇ ಎಂದು ಪಾಲಿಕೆ ನೋಡಲಿ, ಇಲ್ಲದಿದ್ದರೆ ಪ್ರಮಾಣಪತ್ರ ತಡೆಹಿಡಿಯಲಿ. ಅದು ಜಾರಿಗೆ ಬರುವವರೆಗೆ ಮನೆ ಕಟ್ಟಿಸುವವರಲ್ಲಿ ನನ್ನದೊಂದು ಕೋರಿಕೆ: ಗುತ್ತಿಗೆದಾರರ ಜೊತೆ ಕರಾರು ಬರೆಯುವಾಗ ಸಿಮೆಂಟು, ಕಬ್ಬಿಣದ ಜೊತೆಗೆ ಮರವನ್ನೂ ಬರೆಸಿ. ಬುಡದಿಂದ ಎಷ್ಟು ಅಡಿ ಆಚೆ ಅಗೆಯಬೇಕು, ಸಿಮೆಂಟು ನೀರು ಎಲ್ಲಿ ಚೆಲ್ಲಬೇಕು, ಬೇರು ಕಡಿದರೆ ಬಿಲ್ಲಿನಲ್ಲಿ ಎಷ್ಟು ಹಿಡಿಯುತ್ತೀರಿ ಎಂಬುದೂ ಅದರಲ್ಲಿರಲಿ. ಪಾಯ ತೋಡುವ ದಿನ ರಜೆ ಹಾಕಿ ಸೈಟಿನಲ್ಲೇ ಇರಿ.