ಪ್ರರೋಚನವೋ ಆಮಿಷವೋ: ವ್ಯಸನಚಿಕಿತ್ಸೆಯ ಒಂದು ಶಬ್ದವಿಮರ್ಶೆ

ಮದ್ಯಾದಿ ವ್ಯಸನಗಳನ್ನು ಬಿಟ್ಟವನಿಗೆ, ಬಿಟ್ಟುದು ಪರೀಕ್ಷೆಯಿಂದ ಸಿದ್ಧವಾದೊಡನೆಯೇ ಚಿಕ್ಕದೊಂದು ಬಹುಮಾನವನ್ನೀಯುವ ಚಿಕಿತ್ಸಾಕ್ರಮವೊಂದುಂಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಲ್ಲಿ ವ್ಯಸನಿಗಳ ಉಪಚಾರಕ್ಕೆ ನಿಂತವರೊಡನೆ ಇದನ್ನು ಪ್ರಸ್ತಾಪಿಸಿದಾಗ ನಾನು ಕೇಳಿದ ಮೊದಲ ಮಾತು, “ಇದು ಲಂಚವಲ್ಲವೇ?” ಎಂಬುದು. ಈ ಆಕ್ಷೇಪವು ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಶಬ್ದಾರ್ಥಕ್ಕೆ ಸಂಬಂಧಪಟ್ಟುದು. ಆದಕಾರಣ ಸಾಹಿತ್ಯವನ್ನು ಓದಿಸುವವರು ಇದನ್ನು ವಿಚಾರಿಸುವುದು ಅನುಚಿತವಾಗಲಾರದು.

ಪೂರ್ವಪಕ್ಷವು ಹೀಗಿದೆ: ಕುಡಿತವನ್ನು ಬಿಡುವುದು ಮನುಷ್ಯನ ಕರ್ತವ್ಯ, ಕರ್ತವ್ಯಕ್ಕೆ ಕೂಲಿ ಕೊಟ್ಟರೆ ಧರ್ಮವು ವ್ಯಾಪಾರವಾಗುವುದು, ಕೂಲಿ ನಿಂತ ದಿನವೇ ವ್ಯಸನವು ಮರಳುವುದು.

ಇದಕ್ಕೆ ನಮ್ಮ ಶಾಸ್ತ್ರಕಾರರು ಹಿಂದೆಯೇ ಸಮಾಧಾನ ಹೇಳಿದ್ದಾರೆ. ಶ್ರೀಮದ್ಭಾಗವತದ ಏಕಾದಶಸ್ಕಂಧದ ೨೧ನೆಯ ಅಧ್ಯಾಯದಲ್ಲಿ ಫಲಶ್ರುತಿಯನ್ನು, ರೋಗಿಗೆ ಔಷಧದಲ್ಲಿ ರುಚಿಯನ್ನು ಹುಟ್ಟಿಸುವ ಉಪಾಯಕ್ಕೆ ಹೋಲಿಸಿದೆ. ನಾಲಗೆಗೆ ಬೆಲ್ಲವನ್ನು ಸವರಿ ಕಹಿಮದ್ದನ್ನು ಕುಡಿಸುವ ಗುಡಜಿಹ್ವಿಕಾನ್ಯಾಯವೂ ಇದೇ. ಲಂಚವು ಕೊಡುವವನ ಸ್ವಾರ್ಥಕ್ಕಾಗಿ ಅಕಾರ್ಯವನ್ನು ಮಾಡಿಸುವುದು. ಪ್ರರೋಚನವು ಕೊಳ್ಳುವವನ ಹಿತಕ್ಕಾಗಿ ಸತ್ಕಾರ್ಯದಲ್ಲಿ ರುಚಿಯನ್ನು ಹುಟ್ಟಿಸುವುದು. ಕೈಬದಲಾಗುವ ವಸ್ತು ಒಂದೇ ಆದರೂ ಪ್ರಯೋಜನವು ಬೇರೆಯಾದುದರಿಂದ ಹೆಸರೂ ಬೇರೆಯಾಗತಕ್ಕುದು. ಸವದತ್ತಿಯ ಗುಡ್ಡಕ್ಕೆ ಹರಕೆ ಹೊರುವ ಈ ಸೀಮೆಯವರಿಗೆ ಫಲಾಪೇಕ್ಷೆಯು ಹೊಸದೇನೂ ಅಲ್ಲ. ಹರಕೆಯಲ್ಲಿ ಫಲವು ಮೊದಲು, ಸಮರ್ಪಣೆಯು ಆಮೇಲೆ. ಇಲ್ಲಿ ನಡತೆಯು ಮೊದಲು, ಫಲವು ಆಮೇಲೆ. ಇಷ್ಟೇ ವ್ಯತ್ಯಾಸ.

ಇನ್ನು ಆ ಫಲವಾದರೂ ಎಂತಹದು? ಅಮೇರಿಕದ ನ್ಯಾನ್ಸಿ ಪೆಟ್ರಿ ಎಂಬ ವಿದುಷಿಯೂ ಅವರ ಸಹಕಾರಿಗಳೂ ೨೦೦೦ದಲ್ಲಿ ಪ್ರಕಟಪಡಿಸಿದ ಚೀಟಿಯ ಕ್ರಮವು, ಮುಂದೆ ರೂಢಿಗೆ ಬಂದ ರೂಪದಲ್ಲಿ, ಹೀಗಿದೆ: ಪಾತ್ರೆಯಲ್ಲಿ ೫೦೦ ಚೀಟಿಗಳು, ೨೦೯ಕ್ಕೆ ಅಲ್ಪವಸ್ತು, ೪೦ಕ್ಕೆ ದೊಡ್ಡದು, ಒಂದಕ್ಕೆ ಮಾತ್ರ ಬಹು ದೊಡ್ಡದು. ಮಿಕ್ಕ ೨೫೦ರಲ್ಲಿ ಕೇವಲ ‘ಭಲೆ’ ಎಂಬರ್ಥದ ಪ್ರಶಂಸೆ. ಶುದ್ಧನಾಗಿ ಉಳಿದಷ್ಟೂ ಎತ್ತುವ ಚೀಟಿಗಳು ಹೆಚ್ಚುವವು. ತಪ್ಪಿದರೆ ಮೊದಲಿನಿಂದ ಎಣಿಕೆ. ಅರ್ಧಭಾಗವು ಬರಿಯ ಸ್ತುತಿಯೆಂಬುದನ್ನು ವಾಚಕರು ಗಮನಿಸಬೇಕು. ಮೀಮಾಂಸಕರು ಅರ್ಥವಾದಕ್ಕೆ ಹೇಳಿದ ಕೆಲಸವೂ ಇದೇ: ಸ್ತುತಿಯು ವಿಧಿಯಲ್ಲಿ ಪ್ರವೃತ್ತಿಯನ್ನುಂಟುಮಾಡುವುದು.

ನಮ್ಮ ನಾಡಿನಲ್ಲಿಯೇ ಇದಕ್ಕೆ ಪ್ರತಿಯಾದ ಇನ್ನೊಂದು ಮಾರ್ಗವಿದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತಸ್ವಾಮಿಗಳು ೧೯೭೫ರಲ್ಲಿ ಮಹಾಂತಜೋಳಿಗೆಯನ್ನು ಹಿಡಿದು ಜನರಿಂದ ವ್ಯಸನಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಾರೆ. ಚೀಟಿಯ ಕ್ರಮದಲ್ಲಿ ವ್ಯಸನಿಯು ಕೊಳ್ಳುವವನು. ಜೋಳಿಗೆಯಲ್ಲಿ ಅವನು ದಾನಿ. ಶಬ್ದಶಕ್ತಿಯ ದೃಷ್ಟಿಯಿಂದ ಜೋಳಿಗೆಯೇ ಮೇಲೆಂದು ನನ್ನ ಅಭಿಪ್ರಾಯ. ಆದರೆ ದಾನದ ಮರುದಿನದಿಂದ ಅವನನ್ನು ವಾರವಾರವೂ ವಿಚಾರಿಸುವ ಕೆಲಸಕ್ಕೆ ಚೀಟಿಯ ಕ್ರಮವು ಹೆಚ್ಚು ಉಪಯುಕ್ತವಾದುದು.

ಪೂರ್ವಪಕ್ಷದ ಒಂದಂಶವನ್ನು ಒಪ್ಪತಕ್ಕುದೇ. ಬಹುಮಾನವು ನಿಂತಮೇಲೆ ಕೆಲವರಲ್ಲಿ ಗುಣವು ಕುಂದುತ್ತದೆ. ಬೆಲ್ಲವನ್ನೇ ಮದ್ದೆಂದು ತಿಳಿಯಬಾರದು. ಈ ವಿವೇಕವು ಮೊದಲು ಉಪಚಾರಕರಿಗೆ ಬರಬೇಕು. ಅಮೇರಿಕದ ಮಾಜಿಸೈನಿಕರ ಇಲಾಖೆಯು ೨೦೧೧ರಲ್ಲಿ ಈ ಕ್ರಮವನ್ನು ತನ್ನ ಆಸ್ಪತ್ರೆಗಳಲ್ಲಿ ಹಬ್ಬಿಸುವಾಗ ಸಿಬ್ಬಂದಿಗೆ ಶಿಕ್ಷಣವನ್ನು ಕೊಟ್ಟು, ಆಮೇಲೂ ಮಾರ್ಗದರ್ಶನವನ್ನು ಮುಂದುವರಿಸಿತು. ತಾನು ಲಂಚ ಕೊಡುತ್ತಿರುವೆನೆಂದು ನಾಚುವ ಉಪಚಾರಕನು ‘ಭಲೆ’ ಎಂಬುದನ್ನು ಮನಸ್ಸಿಟ್ಟು ಹೇಳಲಾರನು. ಆಗ ೨೫೦ ಚೀಟಿಗಳೂ ಬರಿಯ ಕಾಗದವಾಗುವವು. ಆದುದರಿಂದ ಇದನ್ನು ಕನ್ನಡದಲ್ಲಿ ‘ಆಮಿಷ’ವೆನ್ನದೆ ‘ಪ್ರರೋಚನ’ವೆಂದು ಕರೆಯುವುದು ಯುಕ್ತವೆಂದು ವಿದ್ವಾಂಸರಲ್ಲಿ ನನ್ನ ವಿಜ್ಞಾಪನೆ.