ಸಾಲೋಟಗಿಯ ಕಂಬ

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ಮೇಲೆ ಆಗಸ್ಟಸ್, ಟೈಬೀರಿಯಸ್‌ರ ಮುಖಗಳಿವೆ. ಅವು ಅಮೂಲ್ಯ, ಒಪ್ಪೋಣ: 1947ರಲ್ಲಿ ಅಲ್ಲಿ ಅಗೆದ ಪುರಾತತ್ವಜ್ಞ ವೀಲರ್‌ಗೆ ಮಣ್ಣಿನ ಪದರಗಳ ಕಾಲ ಗೊತ್ತುಮಾಡಲು ನೆರವಾದವು. ಆದರೆ ಜನ ಬದುಕಿದ ಬಗೆ ತಿಳಿಯಬೇಕಾದರೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬಶಾಸನವೇ ಮೇಲು. ಕ್ರಿ.ಶ. 945ರ ಈ ಕಲ್ಲು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ಲೆಕ್ಕ ಹೇಳುತ್ತದೆ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ವಸತಿ, ಖರ್ಚಿಗೆ ಭೂಮಿ; ದೀಪಕ್ಕೆಂದೇ ಬೇರೆ 12 ನಿವರ್ತನ (ಆ ಕಾಲದ ನೆಲದ ಅಳತೆ) ಹೊಲ! ಕತ್ತಲಾದ ಮೇಲೂ ಓದುವ ಹುಡುಗರನ್ನು ನೆನೆದು ಬರೆಸಿದ ಸಾಲು ಅದು.

ದಾನಶಾಸನವೆಲ್ಲ ಉಳ್ಳವರ ಹೊಗಳಿಕೆ ಎಂಬ ಆಕ್ಷೇಪವಿದೆ. ಹೊಗಳಿಕೆ ಇಲ್ಲಿಯೂ ಉಂಟು. ಆದರೆ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಮತ್ತೂ ಅರ್ಧ ಎಂದು ಕಟ್ಟಳೆ ಮಾಡಿದಾಗ, ಶಾಲೆಯ ಹೊರೆ ಮಂತ್ರಿಯೊಬ್ಬನದಾಗಿ ಉಳಿಯಲಿಲ್ಲ.