ಮೊದಲು ರಾಡು, ಆಮೇಲೆ ಮಿಗ್

ಕೆಜಿಎಫ್‌ನವರಿಗೆ ನಂದಿದುರ್ಗ ಎಂದರೆ ಚಿನ್ನದ ಗಣಿ. 2001ರಲ್ಲಿ ಗಣಿಗಳೆಲ್ಲ ಬಾಗಿಲು ಹಾಕಿದರೂ ಕಬ್ಬಿಣದ ಕೆಲಸ ಊರು ಬಿಡಲಿಲ್ಲ. ಬೆಮೆಲ್ ಕಾರ್ಖಾನೆಯಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳಿಗೆ ದಪ್ಪ ತಗಡು ಬೆಸೆಯುತ್ತಾರೆ. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಅಂಗಡಿಗಳಲ್ಲಿ ಗೇಟು, ಕಿಟಕಿ ಗ್ರಿಲ್ಲು. ಬೆಸುಗೆ ಕಲಿಯಲು ಹೊರಟ ಹುಡುಗರ ಮೊದಲ ಪ್ರಶ್ನೆ ಒಂದೇ: ಯಾವ ಮಷೀನು ತಗೊಳ್ಳಲಿ? ತಂತಿ ತಾನೇ ಹೊರಬರುವ ಮಿಗ್ ಸುಲಭ ಎಂದು ಯಾರೋ ಹೇಳಿರುತ್ತಾರೆ. ಸುಲಭ ಹೌದು, ಅದೇ ತೊಂದರೆ. ಅದರಲ್ಲಿ ನೋಡಲು ಚೆಂದವಾದ, ಒಳಗೆ ಹಿಡಿಯದೆ ಮೇಲಷ್ಟೇ ಕೂತ ಬೆಸುಗೆ ಹಾಕುವುದೂ ಸುಲಭ. ರಾಡಿನಿಂದಲೇ ಶುರು ಮಾಡಿ ಎನ್ನುವವನು ನಾನು.

ಶಿವನಸಮುದ್ರದ ಕರೆಂಟು ಕೆಜಿಎಫ್ ಗಣಿಗಳಿಗೆ ಬಂದದ್ದು 1902ರಲ್ಲಿ. ಅದಾದ ಎರಡು ವರ್ಷಕ್ಕೆ ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್ ಇಸಾಬ್ ಕಂಪನಿ ಕಟ್ಟಿದ. ಲೇಪ ಹಚ್ಚಿದ ರಾಡು ಅವನ ಕೊಡುಗೆ. ಆ ಲೇಪ ಉರಿದು ಹೊಗೆಯಾಗಿ ಗಾಳಿಯನ್ನು ದೂರವಿಡುತ್ತದೆ, ಕರಗಿ ಕಿಟ್ಟವಾಗಿ ಬೆಸುಗೆಯ ಮೇಲೆ ಹೊದಿಕೆಯಾಗುತ್ತದೆ. ಹಾಗಾಗಿ ಬಯಲಲ್ಲೂ ಕೆಲಸ ನಡೆಯುತ್ತದೆ. ಮಿಗ್‌ಗೆ ಸಿಲಿಂಡರಿನ ಗ್ಯಾಸೇ ಕಾವಲು. ಗಾಳಿ ಬೀಸಿದರೆ ಬೆಸುಗೆಯೊಳಗೆ ತೂತು.

ಮೊದಲಿಗೆ 6013 ರಾಡು ಸಾಕು. ಮೊದಲ ಎರಡಂಕಿ ಬೆಸುಗೆಯ ಬಲ, ಚದರ ಅಂಗುಲಕ್ಕೆ 60 ಸಾವಿರ ಪೌಂಡು. ಮೂರನೆಯ 1 ಎಂದರೆ ಯಾವ ಭಂಗಿಯಲ್ಲೂ ಹಾಕಬಹುದು. ಕೊನೆಯದು ಲೇಪದ ಜಾತಿ. 2.5 ಮಿಮೀ ರಾಡಿಗೆ 70ರಿಂದ 90 ಆಂಪ್ಸ್ ಇಡಿ. ಕಡಿಮೆಯಾದರೆ ರಾಡು ಅಂಟಿಕೊಳ್ಳುತ್ತದೆ, ಜಾಸ್ತಿಯಾದರೆ ತಗಡು ತೂತು ಬೀಳುತ್ತದೆ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪದಷ್ಟೇ ಅಂತರವಿರಲಿ. ರಾಡು ಸವೆದಂತೆಲ್ಲ ಕೈ ಇಳಿಯುತ್ತಲೇ ಇರಬೇಕು. ಹೊಸಬರ ಕೈ ಇಲ್ಲೇ ತಪ್ಪುವುದು. ಕಣ್ಣು ಆರ್ಕ್‌ನ ಬೆಳಕನ್ನು ನೋಡಬಾರದು, ಅದರ ಹಿಂದೆ ಹೊಳೆಯುವ ಕರಗಿದ ಲೋಹವನ್ನು ನೋಡಬೇಕು. ಹೊಳಪು ಲೋಹದ್ದು, ಹಿಂದೆ ಮಂಕಾಗಿ ಹಿಂಬಾಲಿಸುವುದು ಕಿಟ್ಟ. ಇವೆರಡನ್ನು ಬೇರೆ ಮಾಡಿ ನೋಡಲು ಬಂದ ದಿನ ಅರ್ಧ ವಿದ್ಯೆ ಬಂತು. ಐಟಿಐಯ ವೆಲ್ಡರ್ ಕೋರ್ಸು ಒಂದು ವರ್ಷದ್ದು. ಅದರಲ್ಲಿ ಎಷ್ಟು ಭಾಗ ಈ ನೋಟಕ್ಕೇ ಹೋಗುತ್ತದೋ!

ಮಷೀನಿಗೆ ಬಂದರೆ, ಸಣ್ಣ ಇನ್ವರ್ಟರ್ ಸಾಕು. ಆದರೆ ಡಬ್ಬಿಯ ಮೇಲಿನ 200 ಆಂಪ್ಸ್ ನಂಬಿ ದುಡ್ಡು ಎಣಿಸಬೇಡಿ, ಡ್ಯೂಟಿ ಸೈಕಲ್ ಎಷ್ಟೆಂದು ಕೇಳಿ. 60 ಪರ್ಸೆಂಟ್ ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಉರಿಸಬಹುದು, ನಾಲ್ಕು ನಿಮಿಷ ಅದಕ್ಕೆ ವಿರಾಮ. ಅಂಗಡಿಯವನು ತಡವರಿಸಿದರೆ ಪಕ್ಕದ ಅಂಗಡಿಗೆ ಹೋಗಿ. ಅರ್ಥ್ ಕ್ಲಾಂಪನ್ನು ತುಕ್ಕು ಉಜ್ಜಿದ ಜಾಗಕ್ಕೇ ಹಾಕಿ. ಆರ್ಕ್ ನಿಲ್ಲದಿದ್ದಾಗ ಮಷೀನನ್ನು ಬೈಯುವವರು ನೋಡದೆ ಬಿಡುವುದು ಇದನ್ನೇ.

ಮುಖವಾಡದ ಗಾಜು 10 ಅಥವಾ 11ನೇ ನಂಬರಿನದಿರಲಿ. ಗ್ರಿಲ್ ಅಂಗಡಿಗಳಲ್ಲಿ ತಂಪು ಕನ್ನಡಕ ಹಾಕಿ ಬೆಸೆಯುವ ಶೂರರಿದ್ದಾರೆ. ರಾತ್ರಿ ಕಣ್ಣಲ್ಲಿ ಮರಳು ಹೊಯ್ದಂತಾದಾಗ ಅವರೂ ಮೆತ್ತಗಾಗುತ್ತಾರೆ. ಸತು ಲೇಪಿಸಿದ ಹಳೇ ಜಿಐ ಪೈಪು ಸಿಕ್ಕಿತೆಂದು ಅದರ ಮೇಲೆ ಅಭ್ಯಾಸ ಬೇಡ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಗುಜರಿಯಲ್ಲಿ 5 ಮಿಮೀ ಎಂಎಸ್ ಪಟ್ಟಿ ಕೇಳಿ ತನ್ನಿ, ಗೆರೆ ಎಳೆದು ಅದರ ಮೇಲೇ ನಡೆಸಿ.